ಷರಾ ಸಾಹೇಬರು ಓದನ್ನು ಮುಚ್ಚಿಟ್ಟದ್ದು

ಷರಾ ಸಾಹೇಬರಿಗೆ ಆ ಹೆಸರು ಬಂದದ್ದು ಅವರ ಬಲಗೈಯ ದೆಸೆಯಿಂದ. ಊರಿನ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ಮೂರು ವರ್ಷ ಕೂತಷ್ಟು ಕಾಲವೂ ಎದುರಿಗೆ ಬಂದ ಯಾವ ಕಾಗದದ ಅಂಚನ್ನೂ ಅವರು ಖಾಲಿ ಬಿಟ್ಟವರಲ್ಲ. 'ಪರಿಶೀಲಿಸಿದೆ', 'ಲಗತ್ತು ಇಲ್ಲ', 'ಅರ್ಜಿದಾರರು ಖುದ್ದಾಗಿ ಬರತಕ್ಕದ್ದು' ಎಂದು ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಒಂದು ಷರಾ ಬರೆದು, ಕೆಳಗೆ ಸಹಿ ಎಳೆದರೇ ಅವರಿಗೆ ಸಮಾಧಾನ. ಮನೆಗೆ ಬಂದ ಮದುವೆ ಕರೆಯೋಲೆಯ ಮೂಲೆಯಲ್ಲಿ 'ಹೋಗಬಹುದು' ಎಂದು ಬರೆದು ತಾರೀಕು ಹಾಕಿದ್ದನ್ನು ಹೆಂಡತಿ ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಪರದೇಶದವರಿಗೆ ನರ್ಸುಗಳು ಬೇಕಾಗಿದ್ದರು. ಆಕೆ ಸದ್ದಿಲ್ಲದೆ ಪರೀಕ್ಷೆ ಬರೆದಳು, ಪಾಸಾದಳು, ಕರೆ ಬಂತು. ಹೈಸ್ಕೂಲು ಓದುತ್ತಿದ್ದ ಮಗಳು ಆವತ್ತೇ ಚೀಲ ತುಂಬಲು ಶುರು ಮಾಡಿದಳು. ಷರಾ ಸಾಹೇಬರ ವೀಸಾ ಕಾಗದದಲ್ಲಿ ಮಾತ್ರ 'ಅವಲಂಬಿತ ಪತಿ' ಎಂದಿತ್ತು. ಆ ಎರಡು ಪದದ ಪಕ್ಕದಲ್ಲಿ ಏನಾದರೂ ಬರೆಯಬೇಕೆಂದು ಅವರ ಕೈ ಬಹಳ ತುರಿಸಿತು. ಆದರೆ ಅಂಚು ತೀರಾ ಸಣ್ಣದು.

"ಮೂರು ತಿಂಗಳಲ್ಲಿ ಒಂದು ಆಫೀಸು ಹಿಡೀತೀನಿ ನೋಡ್ತಿರು. ಕಾಗದ ಇಲ್ಲದ ದೇಶ ಯಾವುದಿದೆ?" ಎಂದು ಹೆಂಡತಿಗೆ ಹೇಳಿ, ಸ್ವಯಂನಿವೃತ್ತಿ ಬರೆದುಕೊಟ್ಟು ಹೊರಟರು.

ಹೊಸ ದೇಶದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಕಿಟಕಿ ತೆಗೆದರೆ ಎದುರು ಮನೆಯವರ ಕಿಟಕಿ. ಹೆಂಡತಿ ಡ್ಯೂಟಿಗೆ, ಮಗಳು ಶಾಲೆಗೆ ಹೋದ ಮೇಲೆ ಷರಾ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಊಟದ ಮೇಜಿನ ಮುಂದೆ ಹತ್ತು ಗಂಟೆಗೆ ಸರಿಯಾಗಿ ಕೂರುತ್ತಿದ್ದರು. ಅವರ ಬಯೋಡೇಟಾ ನಾಲ್ಕು ಪುಟದ್ದು. ಎಂ.ಎ., ಸೀನಿಯರ್ ಟೈಪಿಂಗು, ಇಲಾಖಾ ಪರೀಕ್ಷೆಗಳು, ಜಿಲ್ಲಾಮಟ್ಟದ ಉತ್ತಮ ನೌಕರ ಪ್ರಶಸ್ತಿ, ತಂದೆಯ ಹೆಸರು, ರಕ್ತದ ಗುಂಪು, ಕೊನೆಯಲ್ಲಿ 'ಮೇಲ್ಕಂಡ ವಿವರಗಳು ನನಗೆ ತಿಳಿದಮಟ್ಟಿಗೆ ಸತ್ಯವಾಗಿವೆ' ಎಂಬ ಒಕ್ಕಣೆ. ಅರವತ್ತು ಕಡೆ ಕಳಿಸಿದರು. ಬಹುತೇಕ ಎಲ್ಲ ಕಡೆಯಿಂದಲೂ ಒಂದೇ ಉತ್ತರ: ನಿಮ್ಮ ಅನುಭವ ಕಂಡು ಬಹಳ ಸಂತೋಷವಾಯಿತು, ಆದರೆ ಬೇರೊಬ್ಬರನ್ನು ಆರಿಸಿಕೊಂಡಿದ್ದೇವೆ. ಮೊದಮೊದಲು ಷರಾ ಸಾಹೇಬರು ಮೊದಲಿನ ಅರ್ಧ ವಾಕ್ಯವನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಇದನ್ನೆಲ್ಲ ಬರೆಯುವುದು ಮನುಷ್ಯರಲ್ಲ, ಯಂತ್ರ ಎಂದು ಮಗಳು ತಿಳಿಸಿದ ಮೇಲೆ ಓದುವುದನ್ನು ನಿಲ್ಲಿಸಿದರು.

ಎರಡು ಕಡೆ ಮಾತ್ರ ಮುಖ ನೋಡಲು ಕರೆದರು. ಎರಡು ಕಡೆಯೂ ಕೇಳಿದ್ದು, ಈ ದೇಶದಲ್ಲಿ ಕೆಲಸ ಮಾಡಿದ ಅನುಭವ ಇದೆಯೇ ಎಂದು. ಕೆಲಸ ಕೊಟ್ಟರೆ ತಾನೇ ಅನುಭವ ಎಂದು ಇವರು ವಿನಯದಿಂದ ಕೇಳಿದರೆ, ಅವರೂ ಅಷ್ಟೇ ವಿನಯದಿಂದ ಅನುಭವ ಇದ್ದರೆ ತಾನೇ ಕೆಲಸ ಎಂದರು. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎಂಬ ಗಾದೆ ಈ ದೇಶದಲ್ಲಿ ಕಾನೂನೇ ಆಗಿಬಿಟ್ಟಿದೆ ಎಂದು ಷರಾ ಸಾಹೇಬರಿಗೆ ಅನ್ನಿಸಿತು.

ಮೂರು ತಿಂಗಳು ಹೋಗಿ ಒಂಬತ್ತಾಯಿತು. ಅನ್ನಕ್ಕೆ ನೀರು ಎಷ್ಟಿಡಬೇಕೆಂಬುದು ಅವರಿಗೆ ಗೊತ್ತಾಯಿತು. ಆಮೇಲೆ ಒಂದು ದಿನ ಹೆಂಡತಿಯೇ ವಿಚಾರಿಸಿ, ಹೊಸಬರಿಗೆ ಕೆಲಸ ಹುಡುಕಿಕೊಡುವ ಸರ್ಕಾರಿ ಕೇಂದ್ರವೊಂದಕ್ಕೆ ಅವರನ್ನು ಕಳಿಸಿದಳು. ಅಲ್ಲಿದ್ದ ಸಲಹೆಗಾರ್ತಿ ನಗುಮುಖದ ಹೆಂಗಸು. ಬಯೋಡೇಟಾ ಕೈಗೆತ್ತಿಕೊಂಡು, ಕೆಂಪು ಪೆನ್ಸಿಲ್ಲಿನಿಂದ ಮೂರು ಪುಟವನ್ನು ಅಡ್ಡಡ್ಡ ಹೊಡೆದಳು. ತಮ್ಮ ಕಾಗದದ ಮೇಲೆ ಇನ್ನೊಬ್ಬರು ಗೀಟು ಹಾಕುವುದನ್ನು ಷರಾ ಸಾಹೇಬರು ನೋಡಿದ್ದು ಅದೇ ಮೊದಲು. ಜನ ಇದನ್ನು ಓದಿ ಹೆದರುತ್ತಾರೆ ಎಂದು ಆಕೆ ಬಿಡಿಸಿ ಹೇಳಿದಳು. ಇಷ್ಟೆಲ್ಲ ಓದಿದವರು ಸಣ್ಣ ಕೆಲಸದಲ್ಲಿ ನಿಲ್ಲುವುದಿಲ್ಲ ಎಂದುಕೊಳ್ಳುತ್ತಾರಂತೆ.

ರಕ್ತದ ಗುಂಪು ಹೋದದ್ದಕ್ಕೆ ಅವರಿಗೆ ಬೇಸರವಾಗಲಿಲ್ಲ. ಪ್ರಶಸ್ತಿ ಹೋದಾಗ ಸ್ವಲ್ಪ ಆಯಿತು. ಆದರೆ ಒಂದು ಪುಟದ ಬಯೋಡೇಟಾ ಕಳಿಸಿದ ವಾರಕ್ಕೇ ಎರಡು ಕರೆ ಬಂದವು. ಮುಂದಿನ ಸಲ ಆಕೆ ಹುದ್ದೆಯ ಹೆಸರು ತೆಗೆಸಿದಳು. ನಾಲ್ಕು ಕರೆ ಬಂದವು; ಕೆಲಸ ಮಾತ್ರ ಇನ್ನೂ ಸಿಗಲಿಲ್ಲ. ಕೊಯ್ದಷ್ಟೂ ಚಿಗುರುವ ಸೊಪ್ಪಿನ ಹಾಗೆ, ಷರಾ ಸಾಹೇಬರನ್ನು ಕತ್ತರಿಸಿದಷ್ಟೂ ಅವರಿಗೆ ಬೇಡಿಕೆ ಹೆಚ್ಚಾಗುತ್ತ ಹೋಯಿತು. ಕೊನೆಗೆ ಎಂ.ಎ. ಹೋಯಿತು, ಅದರ ಹಿಂದೆಯೇ ಬಿ.ಎ. ಹೋಯಿತು.

ಕಂಪ್ಯೂಟರಿನ ಮುಂದೆ ಕೂತು ಒಂದೊಂದನ್ನೇ ಅಳಿಸುತ್ತಿದ್ದವಳು ಮಗಳು. "ಅಪ್ಪ, ಇನ್ನೇನು ತೆಗೀಲಿ? ಹೆಸರೊಂದೇ ಉಳಿದಿರೋದು."

"ಅದು ಇರಲಿ ಬಿಡಮ್ಮ" ಎಂದರು ಷರಾ ಸಾಹೇಬರು.

ಓದು: ಶಾಲೆ. ಅನುಭವ: ಮನೆ ನಿರ್ವಹಣೆ. ಹೀಗೆ ಹಗುರಾದ ಅರ್ಜಿ ನಗರದ ನೀರು ಸರಬರಾಜು ಕಚೇರಿಗೆ ಹೋಯಿತು. ಅರ್ಜಿಯ ಕೊನೆಯಲ್ಲಿ, ಮೇಲೆ ಬರೆದದ್ದು ಪೂರ್ಣ ಮತ್ತು ಸತ್ಯ ಎಂದು ಸಹಿ ಮಾಡಬೇಕಾಗಿತ್ತು. ಸತ್ಯವೇನೋ ಹೌದು, ಶಾಲೆ ಓದದೆ ಯಾರು ಎಂ.ಎ. ಮಾಡುತ್ತಾರೆ! 'ಪೂರ್ಣ' ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತು, ಮುಂದಕ್ಕೆ ಹೋಯಿತು. ಸಂದರ್ಶನ ಐದು ನಿಮಿಷದ್ದು. ಏಣಿ ಹತ್ತಲು ಭಯವೇ, ಪೆಟ್ಟಿಗೆ ಎತ್ತಲು ಬೆನ್ನು ಗಟ್ಟಿಯಿದೆಯೇ ಎಂದು ಕೇಳಿದರು. ಕೆಲಸ ಸಿಕ್ಕಿತು. ಊರಿನಲ್ಲಿದ್ದ ಅಮ್ಮನಿಗೆ ಫೋನು ಮಾಡಿ ಅವರು ಹೇಳಿದ್ದು, ನೀರಿನ ಇಲಾಖೆಯಲ್ಲಿ ರೆಕಾರ್ಡು ವಿಭಾಗ ಎಂದಷ್ಟೇ. ಅಮ್ಮ ಕೇರಿಗೆಲ್ಲ ಹೇಳಿಬರುವಷ್ಟರಲ್ಲಿ ಮಗ ಆ ದೇಶದ ನೀರಿಗೆಲ್ಲ ಅಧಿಕಾರಿಯಾಗಿದ್ದ.

ರೆಕಾರ್ಡು ವಿಭಾಗವಿದ್ದದ್ದು ನೆಲಮಾಳಿಗೆಯಲ್ಲಿ. ಹಳೆಯ ಫೈಲುಗಳ ಪಿನ್ನು ಕಿತ್ತು, ಧೂಳು ಕೊಡವಿ, ಹಾಳೆಗಳನ್ನು ಸ್ಕ್ಯಾನಿಂಗ್ ಯಂತ್ರದ ಬಾಯಿಗೆ ಕೊಡಬೇಕು. ಅದು ನುಂಗಿ ಉಗುಳಿದ್ದನ್ನು ಪೆಟ್ಟಿಗೆಗೆ ತುಂಬಬೇಕು. ಪೆಟ್ಟಿಗೆಗಳು ಚೂರಾಗಲು ಹೋಗುತ್ತವೆ. ಫೈಲು ಕಾಪಾಡುವುದೇ ಕಸುಬಾಗಿದ್ದವರಿಗೆ ಫೈಲಿನ ಅಂತ್ಯಸಂಸ್ಕಾರದ ಕೆಲಸ. ಮೇಲಧಿಕಾರಿ ಉದ್ದನೆಯ, ಒಳ್ಳೆಯ ಹೆಂಗಸು. ತನ್ನನ್ನು ಹೆಸರು ಹಿಡಿದೇ ಕರೆಯಬೇಕು ಎಂದು ಮೊದಲ ದಿನವೇ ಹೇಳಿದ್ದಳು. ಹಾಗೆ ಕರೆಯಲು ಷರಾ ಸಾಹೇಬರ ನಾಲಿಗೆ ಏಳಲಿಲ್ಲ. ಮೇಡಂ ಎಂದರೆ ಆಕೆಗೆ ಆಗದು. ಹಾಗಾಗಿ ಏನಾದರೂ ಹೇಳುವುದಿದ್ದರೆ ಆಕೆಯ ಎದುರಿಗೆ ನಿಂತು, ಆಕೆ ತಲೆಯೆತ್ತುವವರೆಗೂ ಕಾಯುತ್ತಿದ್ದರು.

ಯಂತ್ರ ಹಾಳೆಯ ಮುಖವನ್ನು ಮಾತ್ರ ನೋಡುತ್ತದೆ, ಷರಾ ಸಾಹೇಬರ ಕಣ್ಣು ಹೋಗುವುದು ಅಂಚಿಗೆ. ಆ ದೇಶದ ಹಳೆಯ ಗುಮಾಸ್ತರೂ ಅಂಚಿನಲ್ಲಿ ಷರಾ ಬರೆಯುತ್ತಿದ್ದರೆಂದು ತಿಳಿದ ದಿನ ಅವರಿಗೆ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ಓದಿ ಓದಿ ಯಾವ ಬೀದಿಗೆ ಮೊದಲು ಯಾವ ಹೆಸರಿತ್ತು, ಯಾವ ಕೊಳಾಯಿ ಎಲ್ಲಿ ತಿರುಗುತ್ತದೆ ಎಂಬುದೆಲ್ಲ ತಾನಾಗಿ ತಲೆಗೆ ಹೋಯಿತು.

ಕೆಲಸಕ್ಕೆ ಸೇರಿದ ಎಂಟನೆಯ ತಿಂಗಳಲ್ಲಿ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ದೊಡ್ಡ ಕೊಳವೆ ಒಡೆಯಿತು. ನೀರು ನಿಲ್ಲಿಸುವ ವಾಲ್ವು ಎಲ್ಲಿ ಹೂತಿದೆಯೆಂದು ಯಾರಿಗೂ ತಿಳಿಯದು. ಕಂಪ್ಯೂಟರಿನಲ್ಲಿ ಆ ರಸ್ತೆಯ ನಕ್ಷೆಯೇ ಇರಲಿಲ್ಲ. ಎಂಜಿನಿಯರುಗಳು ಎರಡು ದಿನ ಮೂರು ಕಡೆ ಅಗೆದರು. ಅಂಗಡಿಗಳೊಳಗೆ ಮೊಣಕಾಲುದ್ದ ನೀರು. ಮೇಲಧಿಕಾರಿ ಫೋನು ಕಿವಿಗೆ ಒತ್ತಿಕೊಂಡು ಓಡಾಡುತ್ತಿದ್ದಾಗ ಷರಾ ಸಾಹೇಬರು ಎಂದಿನಂತೆ ಎದುರಿಗೆ ನಿಂತು ಕಾದರು. ಆಕೆ ತಲೆಯೆತ್ತಲು ಕಾಲು ಗಂಟೆ ಹಿಡಿಯಿತು. ಆ ರಸ್ತೆಗೆ ಹಿಂದೆ ಬೇರೆ ಹೆಸರಿತ್ತು, ಅದರ ನಕ್ಷೆ ಇನ್ನೂ ಚೂರಾಗದ ಪೆಟ್ಟಿಗೆಯಲ್ಲಿದೆ, ವಾಲ್ವು ಗಡಿಯಾರದ ಅಂಗಡಿಯ ಮೆಟ್ಟಿಲ ಕೆಳಗಿದೆ ಎಂದರು. ಅಲ್ಲೇ ಇತ್ತು.

ಮರುದಿನದಿಂದ ಜನ ಕಂಪ್ಯೂಟರಿನಲ್ಲಿಲ್ಲದ ಬೇರೆ ರಸ್ತೆಗಳ ನಕ್ಷೆ ಕೇಳಿಕೊಂಡು ನೆಲಮಾಳಿಗೆಗೆ ಇಳಿದುಬರತೊಡಗಿದರು. ಇಷ್ಟು ಕಡಿಮೆ ಓದಿದವನಿಗೆ ಇಷ್ಟು ಬುದ್ಧಿಯೇ ಎಂದು ಅವರು ಮೆಚ್ಚಿಕೊಂಡಾಗಲೆಲ್ಲ ಷರಾ ಸಾಹೇಬರು ತಲೆ ತಗ್ಗಿಸಿ ನಕ್ಕರು. ರೆಕಾರ್ಡು ಸಹಾಯಕನ ಜಾಗ ಖಾಲಿಯಿತ್ತು. ಅದಕ್ಕೆ ಪದವಿ ಬೇಕು, ಇಲ್ಲವೇ ಐದು ವರ್ಷದ ಕಚೇರಿ ಅನುಭವ. ಪಾಪ, ಇವನಿಗೆ ಎರಡೂ ಇಲ್ಲವಲ್ಲ ಎಂದು ಮೇಲಧಿಕಾರಿ ನಿಜವಾಗಿಯೂ ಕೊರಗಿದಳು. ಆ ಕೊರಗು ನೋಡಲಾರದೆ ಷರಾ ಸಾಹೇಬರು ಮರುದಿನ ಪ್ಲಾಸ್ಟಿಕ್ ಕವರಿನಿಂದ ಎಂ.ಎ. ಪದವಿಪತ್ರ ತೆಗೆದು ಆಕೆಯ ಮೇಜಿನ ಮೇಲಿಟ್ಟರು.

ಆಕೆಗೆ ಮೊದಲು ಸಂತೋಷವಾಯಿತು, ಆಮೇಲೆ ಮುಖ ಸಣ್ಣದಾಯಿತು. ಅರ್ಜಿಯಲ್ಲಿ ಸತ್ಯ ಮುಚ್ಚಿಟ್ಟವರನ್ನು ವಿಚಾರಣೆಗೆ ಒಪ್ಪಿಸಬೇಕೆಂಬುದು ನಿಯಮ. ಇಲ್ಲದ ಓದು ಇದೆ ಎಂದವರನ್ನು ಕಚೇರಿಯವರು ಕಂಡಿದ್ದರು; ಇದ್ದ ಓದು ಇಲ್ಲ ಎಂದವರು ಇದೇ ಮೊದಲು. ಆದರೂ ನಿಯಮ ಎರಡಕ್ಕೂ ಒಂದೇ. ಹತ್ತು ದಿನಕ್ಕೆ ವಿಚಾರಣೆ ನಿಗದಿಯಾಯಿತು.

ಷರಾ ಸಾಹೇಬರು ಊಟದ ಮೇಜಿನಲ್ಲಿ ಸಮಜಾಯಿಷಿ ಬರೆಯಲು ಕೂತರು. ಎಷ್ಟೋ ದಿನದ ಮೇಲೆ ಕೈಗೆ ಹಿತವಾದ ಕೆಲಸ. ನಾಲ್ಕು ಪುಟ ಬರೆದರು. ಹೆಂಡತಿ ಡ್ಯೂಟಿ ಮುಗಿಸಿ ಬಂದು ಓದಿದಳು.

"ಚೆನ್ನಾಗಿದೆ ರೀ. ಇದರಲ್ಲಿ ನೀವು ಮಾಡಿದ್ದು ಏನು ಅಂತ ಎಲ್ಲೂ ಇಲ್ಲವಲ್ಲ?"

"ಸಮಜಾಯಿಷಿ ಅಂದ್ರೆ ಹಾಗೇ ಕಣೇ."

ಆದರೆ ಮೂರನೆಯ ಪುಟದ ಒಂದು ವಾಕ್ಯ ಅವರನ್ನು ಚುಚ್ಚತೊಡಗಿತ್ತು. ಸತ್ಯವನ್ನು ಮರೆಮಾಚುವುದು ಸುಳ್ಳು ಹೇಳಿದಂತಲ್ಲ ಎಂದು ಅಲ್ಲಿ ಬರೆದಿದ್ದರು. ಇದಕ್ಕೆ ತದ್ವಿರುದ್ಧವಾದ ವಾಕ್ಯವನ್ನು ಹನ್ನೊಂದು ವರ್ಷದ ಹಿಂದೆ ಅವರೇ ಬರೆದಿದ್ದರು. ಊರಿನ ಕಚೇರಿಯಲ್ಲಿ ಒಬ್ಬ ಜವಾನ, ಬಿ.ಕಾಂ. ಪಾಸಾದದ್ದನ್ನು ಮುಚ್ಚಿಟ್ಟು ಕೆಲಸಕ್ಕೆ ಸೇರಿದ್ದ. ಯಾರೋ ಮೂಗರ್ಜಿ ಬರೆದರು. 'ಸತ್ಯವನ್ನು ಮರೆಮಾಚಿದ್ದು ಸುಳ್ಳು ಹೇಳಿದ್ದಕ್ಕೆ ಸಮ. ವಜಾ ಮಾಡಬಹುದು' ಎಂದು ಷರಾ ಬರೆದವರು ಇವರು. ಆಗಿನ ಮೇಲಧಿಕಾರಿಗಳು ಆ ವಾಕ್ಯವನ್ನು ಮೆಚ್ಚಿ ಆದೇಶದಲ್ಲಿ ಹಾಗೇ ಇಳಿಸಿಕೊಂಡಿದ್ದರು. ಆ ದಿನ ಇವರು ಕಚೇರಿಗೆಲ್ಲ ಸಿಹಿ ಹಂಚದಿದ್ದದ್ದೊಂದೇ ಪುಣ್ಯ. ಕೋಣೆಯಿಂದ ಹೊರಗೆ ಹೋಗುವಾಗ ಜವಾನ, "ಸಾರ್, ಓದಿದ್ದು ತಪ್ಪಾ?" ಎಂದು ಕೇಳಿದ್ದ. ಇವರು ತಲೆಯೆತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಹಳೆಯ ಸಹೋದ್ಯೋಗಿಗಳನ್ನು ಹಿಡಿದು ಅವನ ನಂಬರು ಸಂಪಾದಿಸಿದರು. ಈಗ ಅವನು ಮಕ್ಕಳಿಗೆ ಪಾಠ ಹೇಳುವ ಟ್ಯೂಷನ್ ಇಟ್ಟಿದ್ದನಂತೆ. ತಾವು ಯಾರೆಂದು ಹೇಳಿಕೊಂಡರು. ಷರಾ ಸಾಹೇಬರು ತಮ್ಮ ಕಥೆಯನ್ನೆಲ್ಲ ಹೇಳಿ, ಅಂತೂ ನಿನಗೆ ಆಮೇಲೆ ಒಳ್ಳೆಯದೇ ಆಯಿತಲ್ಲ ಎಂದು ಒಂದು ದಾರಿ ಮಾಡಿಕೊಟ್ಟರು. ಅವನು ಆ ದಾರಿಗೆ ಬರಲಿಲ್ಲ.

"ಒಳ್ಳೇದಾಯ್ತು ಅನ್ನಲ್ಲ ಸಾರ್. ಮೂರು ವರ್ಷ ಬಹಳ ಕಷ್ಟಪಟ್ವಿ. ನನ್ನ ತಂಗಿ ಮದುವೆ ತಪ್ಪಿಹೋಯ್ತು. ಈಗ ನನ್ನಿಂದ ಏನಾಗ್ಬೇಕಿತ್ತು ಹೇಳಿ."

"ಏನೂ ಆಗಬೇಕಿಲ್ಲಪ್ಪ" ಎಂದರು ಷರಾ ಸಾಹೇಬರು. "ನಾನು ಆವತ್ತು ಹಾಗೆ ಬರೀಬಾರದಿತ್ತು. ಅದನ್ನ ಹೇಳೋಣ ಅಂತ."

ಆಯ್ತು ಸಾರ್ ಎಂದು ಅವನು ಫೋನಿಟ್ಟ. ಕ್ಷಮಿಸಿದನೋ, ಮಕ್ಕಳು ಪಾಠಕ್ಕೆ ಬಂದಿದ್ದರೋ ಗೊತ್ತಾಗಲಿಲ್ಲ. ಏನಂದ ಎಂದು ಕೇಳಿದ ಹೆಂಡತಿಗೆ, "ಸರಿಯಾಗೇ ಅಂದ" ಎಂದಷ್ಟೇ ಹೇಳಿದರು.

ವಿಚಾರಣೆಗೆ ನಾಲ್ಕು ಪುಟವನ್ನು ಒಯ್ಯಲಿಲ್ಲ. ಮೂರು ಜನ ಕೂತಿದ್ದರು. ಕುಡಿಯಲು ನೀರು ಕೊಟ್ಟು, ಕುರ್ಚಿ ಹತ್ತಿರಕ್ಕೆಳೆದುಕೊಳ್ಳಿ ಎಂದರು. ಅಷ್ಟು ಮರ್ಯಾದೆಯ ವಿಚಾರಣೆಯನ್ನು ಅವರು ನೋಡಿದ್ದಿಲ್ಲ. ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದರು.

"ಕೆಲಸ ಬೇಕಿತ್ತು. ಪೂರ್ತಿ ಹೇಳಿದಾಗ ಯಾರೂ ಕೊಡಲಿಲ್ಲ" ಎಂದರು ಷರಾ ಸಾಹೇಬರು.

ಹೀಗೆ ಮಾಡಿ ಎಂದು ಯಾರಾದರೂ ಹೇಳಿಕೊಟ್ಟರೇ ಎಂದು ಅವರಲ್ಲೊಬ್ಬ ಕೇಳಿದ. ಸಲಹೆಗಾರ್ತಿಯ ಕೆಂಪು ಪೆನ್ಸಿಲ್ಲು ಕಣ್ಣ ಮುಂದೆ ಬಂತು. ಅವಳೂ ಸರ್ಕಾರಿ ನೌಕರಳೇ, ಅವಳ ಮೇಲೂ ಯಾರೋ ಷರಾ ಬರೆಯಬಹುದು. ಸಹಿ ನನ್ನದು ಎಂದರು.

ಅವರನ್ನು ಹೊರಗೆ ಕೂರಿಸಿ ಮೂವರೂ ಅರ್ಧ ಗಂಟೆ ಮಾತಾಡಿಕೊಂಡರು. ಇನ್ನೂ ಮೂರು ರಸ್ತೆಗಳ ನಕ್ಷೆ ಸಿಕ್ಕಿರಲಿಲ್ಲ ಎಂಬುದನ್ನೂ ಮಾತಾಡಿಕೊಂಡಿರಬೇಕು. ಕೊನೆಗೆ, ಮಾಡಿದ ತಪ್ಪಿಗೆ ಎಚ್ಚರಿಕೆಯ ಪತ್ರ ಕೊಟ್ಟರು. ಮುಚ್ಚಿಟ್ಟಿದ್ದ ಅದೇ ಓದನ್ನು ಪರಿಗಣಿಸಿ ರೆಕಾರ್ಡು ಸಹಾಯಕನ ಹುದ್ದೆಯನ್ನೂ ಕೊಟ್ಟರು. ಎರಡು ಕಾಗದಕ್ಕೂ ಒಂದೇ ಗಳಿಗೆಯಲ್ಲಿ, ಒಂದೇ ಪೆನ್ನಿನಿಂದ ಸಹಿಯಾಯಿತು.

ಸಿಬ್ಬಂದಿಯ ಕಾಗದಗಳನ್ನು ಅವರವರ ಫೈಲಿಗೆ ಸೇರಿಸುವುದು ರೆಕಾರ್ಡು ಸಹಾಯಕನ ಕೆಲಸ. ಹಾಗಾಗಿ ಹೊಸ ಹುದ್ದೆಯ ಮೊದಲ ದಿನ, ಮೊದಲ ಕೆಲಸವಾಗಿ, ಷರಾ ಸಾಹೇಬರ ಎಚ್ಚರಿಕೆಯ ಪತ್ರ ಷರಾ ಸಾಹೇಬರ ಮೇಜಿಗೇ ಬಂತು. ಎರಡು ಸಲ ಓದಿದರು. ಭಾಷೆ ಪರವಾಗಿಲ್ಲ, ಆದರೆ ಪತ್ರಕ್ಕೆ ಉಲ್ಲೇಖ ಸಂಖ್ಯೆಯೇ ಇರಲಿಲ್ಲ. ಸಂಖ್ಯೆಯಿಲ್ಲದ ಕಾಗದ ನಾಳೆ ಕಳೆದುಹೋದರೆ ಹುಡುಕುವವರ ಗತಿಯೇನು? ಎದ್ದು, ಮೂರು ಮಹಡಿ ಹತ್ತಿ, ಮೇಲಧಿಕಾರಿಯ ಎದುರಿಗೆ ಹೋಗಿ ನಿಂತರು. ಆಕೆ ತಲೆಯೆತ್ತಿ, ಪತ್ರ ನೋಡಿ, ಇದು ನಿಮಗೇ ಕೆಟ್ಟದ್ದಲ್ಲವೇ, ಕಳೆದುಹೋದರೆ ಹೋಗಲಿ ಬಿಡಿ ಎಂದಳು.

ಷರಾ ಸಾಹೇಬರು ಒಪ್ಪಲಿಲ್ಲ. ಆಕೆ ನಗುತ್ತ ಸಂಖ್ಯೆ ಹಾಕಿಕೊಟ್ಟಳು. ಅವರು ಕೆಳಗಿಳಿದು ಬಂದು, ಪತ್ರವನ್ನು ಫೈಲಿಗೆ ಸೇರಿಸಿ, ಉಳಿದ ಮೂರು ರಸ್ತೆಗಳ ನಕ್ಷೆ ಹುಡುಕಲು ಏಣಿ ಹತ್ತಿದರು.