ನೂರಾ ತೊಂಬತ್ತು ಕೊಡ

ಅವ್ವಣ್ಣನಿಗೆ ಲೀಟರಿನ ಮೇಲೆ ನಂಬಿಕೆ ಇಲ್ಲ. ಲೀಟರು ಕಣ್ಣಿಗೆ ಕಾಣುವುದಿಲ್ಲ, ಕೊಡ ಕಾಣುತ್ತದೆ. ಹಾಗಾಗಿ ಪುಣೆಯ ಹತ್ತಿರದ ತಳೇಗಾಂವ ದಾಭಾಡೆಯ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಆರಿಸುವ ಪೈಪುಗಳ ಕೆಲಸ ಅವನ ಪಾಲಿಗೆ ಬಂದಾಗ, ಎಂಜಿನಿಯರ್ ಕೊಟ್ಟ ಪ್ರತಿ ಅಂಕಿಯನ್ನೂ ಹದಿನೈದರಿಂದ ಭಾಗಿಸಿ, ಕೊಡ ಮಾಡಿಕೊಂಡೇ ವಹಿಯಲ್ಲಿ ಬರೆಯುತ್ತಿದ್ದ.

ಯಾದಗಿರಿ ಕಡೆಯವನು. ಹತ್ತೊಂಬತ್ತನೇ ವಯಸ್ಸಿಗೆ ಪುಣೆಗೆ ಬಂದು ಎರಡು ವರ್ಷ ಇಟ್ಟಿಗೆ ಹೊತ್ತ. ಆಮೇಲೆ ಪೈಪು ಹಿಡಿದವನು ಇಪ್ಪತ್ತೆರಡು ವರ್ಷದಿಂದ ಬಿಟ್ಟಿಲ್ಲ. ಅವನ ಜಾಗ್ರತೆ ಕಾಲನಿಯಲ್ಲೆಲ್ಲ ಹೆಸರುವಾಸಿ. ಬಾಗಿಲಿಗೆ ಬೀಗ ಹಾಕಿ ಗಲ್ಲಿಯ ಕೊನೆತನಕ ಹೋಗಿ, ತಿರುಗಿ ಬಂದು ಬೀಗ ಎಳೆದು ನೋಡುತ್ತಾನೆ. ಎಳೆದದ್ದಕ್ಕೇ ಸಡಿಲಾಯಿತೇನೋ ಎಂದು ಮತ್ತೊಮ್ಮೆ ಬರುತ್ತಾನೆ. ಒಂದು ಸಲ ಹೆಂಡತಿ ಮಾನಮ್ಮ ಒಳಗೆ ರೊಟ್ಟಿ ಬಡಿಯುತ್ತಿರುವಾಗಲೇ ಹೊರಗಿನಿಂದ ಬೀಗ ಹಾಕಿ, ಎರಡೆರಡು ಬಾರಿ ಎಳೆದು ನೋಡಿ, ನೆಮ್ಮದಿಯಿಂದ ಕೆಲಸಕ್ಕೆ ಹೋಗಿದ್ದ.

ಇನ್ನೊಂದು ಅಭ್ಯಾಸವೂ ಇದೆ. ಪೈಪಿನ ಯಾವುದೇ ಬಾಯಿ ಬಿಗಿದರೂ ಅದರ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾನೆ. ಇದು ಅವ್ವಣ್ಣ ಬಿಗಿದದ್ದು, ಮತ್ತೆ ಮುಟ್ಟಿ ನೋಡುವ ಅಗತ್ಯವಿಲ್ಲ ಎಂದು ಅದರ ಅರ್ಥ. ಸೈಟಿನಲ್ಲಿ ಉಳಿದವರೂ ಆ ಮೂರು ಗೆರೆ ಕಂಡರೆ ಮುಂದಕ್ಕೆ ಹೋಗಿಬಿಡುತ್ತಾರೆ.

ಎಂಜಿನಿಯರ್ ಸುಹಾಸ ಕರಾವಳಿಯ ಹೋಟೆಲಿನವರ ಮಗ. ವಿಮಾನ ನಗರದಲ್ಲಿ ಹೊಸ ಕಟ್ಟಡವೊಂದು ಏಳುತ್ತಿತ್ತು. ತಳೇಗಾಂವದ ಕಟ್ಟಡದ ಪಂಪಿಗೆ ಎಷ್ಟು ನೀರು ಬೇಕೆಂಬ ಹಾಳೆಯನ್ನು ಅವ್ವಣ್ಣ ತಪ್ಪಿಲ್ಲದೆ ತಾನೇ ತುಂಬಿ ಸಹಿ ಹಾಕಿಕೊಟ್ಟರೆ ಹೊಸದರಲ್ಲಿ ಅವನೇ ಇನ್‌ಚಾರ್ಜ್ ಎಂದು ಸುಹಾಸ ಹೇಳಿದ್ದ. ಇನ್‌ಚಾರ್ಜ್ ಎಂದರೆ ಬಿಳಿ ಹೆಲ್ಮೆಟ್ಟು. ಇಷ್ಟು ವರ್ಷವೂ ಅವನ ತಲೆಯ ಮೇಲೆ ಇದ್ದದ್ದು ಹಳದಿಯದು.

ಹಾಳೆ ತುಂಬುವುದೇನೂ ಕಷ್ಟವೆನಿಸಲಿಲ್ಲ. ಎರಡು ಮೆಟ್ಟಿಲುಗಳ ಪಕ್ಕ ಕೆಳಗಿನಿಂದ ಮೇಲಿನತನಕ ನಿಂತ ಎರಡು ಕೆಂಪು ಪೈಪುಗಳಿವೆ. ಅವಕ್ಕೆ ರೈಸರ್ ಎನ್ನುತ್ತಾರೆ. ಅಗ್ನಿಶಾಮಕದವರು ಹೋಸ್ ಜೋಡಿಸುವುದು ಅಲ್ಲಿಗೇ. ಸುಹಾಸ ಕೊಟ್ಟ ಲೆಕ್ಕದಂತೆ ನಿಮಿಷಕ್ಕೆ ಮೊದಲನೆಯದಕ್ಕೆ ಸಾವಿರದ ಒಂಬೈನೂರು ಲೀಟರ್, ಎರಡನೆಯದಕ್ಕೆ ಅದರ ಅರ್ಧ. ಒಟ್ಟು ನೂರಾ ತೊಂಬತ್ತು ಕೊಡ. ಮನೆಗಳ ಸೂರಿನಲ್ಲಿ ಬಿಸಿಗೆ ತಾನಾಗಿ ಬಾಯಿ ಬಿಡುವ ಸ್ಪ್ರಿಂಕ್ಲರುಗಳಿಗೆ ಎಪ್ಪತ್ತಾರು. ಅವ್ವಣ್ಣ ಕೂಡಿಸಿದ: ಇನ್ನೂರಾ ಅರವತ್ತಾರು.

ಸುಹಾಸ ನೋಡಿ ನಕ್ಕು, ಎಪ್ಪತ್ತಾರನ್ನು ಹೊಡೆದುಹಾಕಿದ. ರೈಸರುಗಳದು, ಸ್ಪ್ರಿಂಕ್ಲರುಗಳದು, ಈ ಎರಡರಲ್ಲಿ ದೊಡ್ಡದನ್ನು ಹಿಡಿದರೆ ಸಾಕು ಎಂದ.

“ಮನಿಗೆ ಇಬ್ರು ಊಟಕ್ಕ ಬಂದ್ರ ಇಬ್ರಿಗೂ ನೀರ ಇಡಬೇಕಲ್ರಿ ಸರ?”

“ಇವರಿಬ್ಬರು ಊಟಕ್ಕೆ ಬಂದವರಲ್ಲ ಮಾರಾಯ್ರೆ, ಒಂದೇ ಬೆಂಕಿ ಆರಿಸ್ಲಿಕ್ಕೆ ಬಂದವರು. ಸ್ಪ್ರಿಂಕ್ಲರ್ ಮೊದಲೇ ಬೆಂಕಿಯನ್ನು ಹಿಡಿದಿಟ್ಟಿರ್ತದೆ, ಮತ್ತೆ ಹೋಸೆಲ್ಲ ಪೂರಾ ಬಿಡುವ ಕೆಲಸ ಉಂಟಾ? ಆದ್ರೆ ಇಡೀ ಕಟ್ಟಡಕ್ಕೆ ಸ್ಪ್ರಿಂಕ್ಲರ್ ಇರ್ಬೇಕು. ಒಂದು ಮನೆಗೆ ಇಲ್ಲ ಅಂತಾದ್ರೂ ಕೂಡಿಸ್ಲೇಬೇಕು.”

ಇಡೀ ಕಟ್ಟಡ ಎಂಬ ಮಾತು ಅವ್ವಣ್ಣನ ತಲೆಯೊಳಗೆ ಕೂತಿತು. ಸಹಿಯ ಜಾಗದ ಮೇಲೆಯೂ ಅದೇ ಬರೆದಿತ್ತು. ಆ ದಿನ ಮನೆಯಲ್ಲಿ ಊಟಕ್ಕೆ ಕೂತಾಗ, ನಾಳೆ ಎಂಬತ್ತನಾಲ್ಕು ಮನೆಗಳನ್ನೂ ಕಣ್ಣಾರೆ ನೋಡಿಯೇ ಸಹಿ ಹಾಕುವುದಾಗಿ ಹೇಳಿದ. ಬಿಗಿದವರು ನೀವೇ ಅಲ್ಲವೇ ಎಂದು ಮಾನಮ್ಮ ಕೇಳಿದಳು. ಹೌದು, ಅದಕ್ಕೇ ನೋಡಬೇಕು ಎಂದ.

“ನೋಡ್ರಿ, ನೋಡ್ರಿ. ಒಳಗ ಯಾರರ ಇದ್ರ ಬೀಗ ಮಾತ್ರ ಹಾಕಬ್ಯಾಡ್ರಿ” ಎಂದು ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಸೀಮೆಸುಣ್ಣದ ಕಡ್ಡಿ ಹಿಡಿದು, ನೋಡಿದ ಬಾಗಿಲಿಗೆಲ್ಲ ಗುರುತು ಹಾಕುತ್ತ ಮೇಲಿನಿಂದ ಇಳಿದ. ಲಿಫ್ಟಿನವನು ನಕ್ಕ, ಟೈಲ್ಸಿನವರು ನಕ್ಕರು. ಮಧ್ಯಾಹ್ನದ ಹೊತ್ತಿಗೆ ಎಂಬತ್ತಮೂರು ಮನೆ ಮುಗಿದು, ಕೊನೆಗೆ ಮೊದಲನೇ ಮಹಡಿಯ ಸ್ಯಾಂಪಲ್ ಫ್ಲ್ಯಾಟಿಗೆ ಬಂದ. ಗಿರಾಕಿಗಳಿಗೆ ತೋರಿಸಲೆಂದು ಎಲ್ಲಕ್ಕಿಂತ ಮೊದಲು ಸಿಂಗರಿಸಿದ ಮನೆ ಅದು. ಅದರ ಸೂರು ಎಷ್ಟು ನುಣುಪು ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಅವ್ವಣ್ಣನೂ ಎರಡು ಸಲ ಹೊಗಳಿದ್ದ.

ಈಗ ಕತ್ತೆತ್ತಿ ನಿಂತವನಿಗೆ ಅದು ಯಾಕೆ ಅಷ್ಟು ನುಣುಪೆಂದು ಹೊಳೆಯಿತು. ಸೂರಿನಲ್ಲಿ ಒಂದೂ ಸ್ಪ್ರಿಂಕ್ಲರ್ ಇರಲಿಲ್ಲ.

ಏಣಿ ತಂದು, ಸೂರಿನ ಹಲಗೆ ಸರಿಸಿ, ಟಾರ್ಚ್ ಬಿಟ್ಟ. ಪೈಪಿನ ಐದೂ ಬಾಯಿಗಳಿಗೆ ಡಮ್ಮಿ ಬಿಗಿದಿತ್ತು. ಪೈಪಿಗೆ ನೀರಿನ ಒತ್ತಡ ಕೊಟ್ಟು ಪರೀಕ್ಷಿಸುವ ದಿನ, ಸ್ಪ್ರಿಂಕ್ಲರ್ ಇನ್ನೂ ಬಂದಿರದ ಕಾರಣ ಬಾಯಿ ಮುಚ್ಚಲು ಹಾಕಿದ್ದ ಡಮ್ಮಿಗಳು. ಉಳಿದ ಮನೆಗಳಲ್ಲಿ ಆಮೇಲೆ ಬಿಚ್ಚಿದ್ದರು. ಇಲ್ಲಿ ಅಷ್ಟರೊಳಗೆ ಸೂರು ಮುಚ್ಚಿತ್ತು. ಒಂದೊಂದರ ಮೇಲೂ ಮೂರು ಮೂರು ಗೆರೆ ವಿಭೂತಿ, ಒಂದಿಷ್ಟೂ ಮಾಸಿರಲಿಲ್ಲ. ಸೂರಿನವರು ಅದನ್ನು ನೋಡಿಯೇ ಧೈರ್ಯವಾಗಿ ಮುಚ್ಚಿರಬೇಕು.

ಏಣಿಯ ಮೇಲೆಯೇ ಕೂತು ಲೆಕ್ಕ ಹಾಕಿದ. ಐದು ಬಾಯಿ ತಾನೇ, ಸಂಜೆಯೊಳಗೆ ಕೂಡಿಸಿ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬಿಳಿ ಹೆಲ್ಮೆಟ್ಟು ಅಷ್ಟು ಹತ್ತಿರ ಬಂದಿತ್ತು. ಆದರೆ ಹಾಗೆ ಮಾಡಿದರೆ ತನ್ನ ಮೂರು ಗೆರೆಯನ್ನು ನಾಳೆ ತಾನೇ ನಂಬುವಂತಿಲ್ಲ; ಇಡೀ ಜನ್ಮ ಪ್ರತಿ ಬಾಯನ್ನೂ ತಿರುಗಿ ತಿರುಗಿ ಮುಟ್ಟಿ ನೋಡಬೇಕಾಗುತ್ತದೆ. ಬೀಗದ ಕಾಟವೇ ಅವನಿಗೆ ಸಾಕಾಗಿತ್ತು. ಐದು ಡಮ್ಮಿಗಳನ್ನೂ ಬಿಚ್ಚಿ, ಕೆಳಗಿಳಿದು, ಟವೆಲಿನಲ್ಲಿ ಕಟ್ಟಿಕೊಂಡು ಸುಹಾಸನ ಮೇಜಿನ ಮೇಲೆ ಇಟ್ಟ.

“ಇವು ನನ್ನವು ಸರ. ನಿನ್ನೆ ನಾ ಕೂಡ್ಸಿದ್ದೇ ಖರೇ ಇತ್ತು, ಆದ್ರ ನನಗೇ ಗೊತ್ತಿರಲಿಲ್ಲ.”

ಸುಹಾಸ ವಿಭೂತಿಯನ್ನು ನೋಡಿದ, ಅವ್ವಣ್ಣನ ಹಣೆಯನ್ನು ನೋಡಿದ. ಕೋಪ ಬಂದಿತ್ತು, ಒಂದೆರಡು ಬಿರುಸು ಮಾತು ಆಡಿಯೂ ಆಡಿದ. ಮೂರು ದಿನದಲ್ಲಿ ಸೂರು ಕೊರೆದು ಸ್ಪ್ರಿಂಕ್ಲರ್ ಕೂಡಿಸಿ, ಪೈಪಿಗೆ ಮತ್ತೆ ಒತ್ತಡ ಕೊಟ್ಟು ನೋಡಿದ ಮೇಲೆ, ಅವ್ವಣ್ಣ ಉಳಿದ ಒಂದು ಮನೆಗೂ ಸುಣ್ಣದ ಗುರುತು ಹಾಕಿ ಬಂದು ನೂರಾ ತೊಂಬತ್ತಕ್ಕೆ ಸಹಿ ಹಾಕಿದ. ಸುಹಾಸ ಹಾಳೆಯನ್ನು ಮಡಿಸಿಟ್ಟು, ಸೋಮವಾರ ವಿಮಾನ ನಗರಕ್ಕೆ ಬರಬೇಕೆಂದ.

“ಲೆಕ್ಕ ನಾನು ನೋಡ್ತೇನೆ. ನೀವು ಸೂರು ನೋಡಿ. ಮತ್ತೆ, ಡಮ್ಮಿಗೆ ವಿಭೂತಿ ಬೇಡ ಮಾರಾಯ್ರೆ.”

ಈಗ ಅವನು ಡಮ್ಮಿಗೆ ಕುಂಕುಮ ಹಚ್ಚುತ್ತಾನೆ. ಕೆಂಪು ಕಂಡರೆ ಬಿಚ್ಚಬೇಕು, ಬಿಳಿ ಕಂಡರೆ ಬಿಡಬೇಕು. ಬಿಳಿ ಹೆಲ್ಮೆಟ್ಟು ಮನೆಯ ಗೂಟದಲ್ಲಿ ತೂಗುತ್ತದೆ. ಮೊದಲ ದಿನ ಅದನ್ನು ತಲೆಗೆ ಹಾಕಿಕೊಂಡು ಹೊರಟವನು ಗಲ್ಲಿಯ ಕೊನೆಯಿಂದ ತಿರುಗಿ ಬಂದಾಗ, ಮಾನಮ್ಮ ಬಾಗಿಲಲ್ಲೇ ನಿಂತಿದ್ದಳು.

“ತಲಿ ಮ್ಯಾಲೇ ಅದ, ಹೋಗ್ರಿ” ಎಂದಳು.