ಧೈಫಲ್ಲಾ ಕುಡಿದ ಕಾಫಿ

ಧೈಫಲ್ಲಾ ಬಿಸಿಲು ಬಡಿದು ಸತ್ತನೆಂದು ಊರೆಲ್ಲ ಹೇಳುತ್ತಿದೆ. ಸುಳ್ಳು. ನನ್ನ ಗೆಳೆಯನನ್ನು ಕೊಂದದ್ದು ಸರ್ಕಾರಿ ಸೈನ್ಯದ ಕರ್ನಲ್.

ಹೌರಾನ್ ಸೀಮೆಯ ನಮ್ಮ ಊರಲ್ಲಿ ಅವನು ಬಾವಿಯ ಪಂಪು ರಿಪೇರಿ ಮಾಡುತ್ತಿದ್ದ. ಏಳು ವರ್ಷ ಸರ್ಕಾರದ ಸೈನ್ಯದ ವಿರುದ್ಧ ಕಾದಾಡಿದ ನಮ್ಮ ಹುಡುಗರು, ಹಿಟ್ಟು ಔಷಧಿ ಎರಡೂ ಮುಗಿದಾಗ ಶರಣಾಗಲು ಒಪ್ಪಿದರು. ನಡುವೆ ನಿಲ್ಲಲು ಯಾರಾದರೂ ಬೇಕಿತ್ತು. ಧೈಫಲ್ಲಾ ನಿಂತ.

"ಬಂದೂಕು ಇಡ್ರೋ. ನಿಮ್ಮ ಜೀವಕ್ಕೆ ನನ್ನ ಮುಖ ಜಾಮೀನು."

"ಮುಖದ ತುಂಬಾ ಗ್ರೀಸು! ಜಾಮೀನು ಜಾರಿಹೋದ್ರೆ ಮಾವ?" ಎಂದು ವಿಧವೆ ಸಬ್ಹಾಳ ಮಗ ರಕಾನ್ ನಕ್ಕ. ಎಲ್ಲರಿಗಿಂತ ಮೊದಲು ಬಂದೂಕು ಇಟ್ಟವನೂ ಅವನೇ.

ಕೆಲವೇ ವಾರಗಳಲ್ಲಿ ಸೈನಿಕರು ರಕಾನ್‌ನನ್ನು ಚೆಕ್‌ಪೋಸ್ಟಿನಲ್ಲಿ ಗಾಡಿಯಿಂದ ಇಳಿಸಿ ಹಿಡಿದೊಯ್ದರು.

ಧೈಫಲ್ಲಾ ಠಾಣೆಯಲ್ಲಿದ್ದ ಕರ್ನಲ್ ಬಳಿ ಹೋದ, ನಾನೂ ಹೋದೆ. ಕಾಫಿ ಬಂತು. ಅವನು ಕುಡಿಯದೆ ಬಟ್ಟಲನ್ನು ನೆಲಕ್ಕಿಟ್ಟು ಕೂತ. ನಮ್ಮ ಕಡೆ ಏನಾದರೂ ಕೇಳಲು ಬಂದವನು, ಕೇಳಿದ್ದು ಸಿಗುವವರೆಗೆ ಕುಡಿಯುವುದಿಲ್ಲ. ಮನೆಯವನು "ಕುಡಿ" ಎಂದರೆ ಮಾತು ಕೊಟ್ಟ ಹಾಗೆ. ಈ ಸೀಮೆಯಲ್ಲೇ ಬೆಳೆದ ಕರ್ನಲ್‌ಗೆ ಅದು ಚೆನ್ನಾಗಿ ಗೊತ್ತಿತ್ತು.

"ಕುಡೀರಿ ಹಾಜಿ, ಆರಿಹೋಗುತ್ತೆ. ಹುಡುಗ ನಾಳೆ ಮನೇಲಿರ್ತಾನೆ."

ಧೈಫಲ್ಲಾ ಒಂದೇ ಗುಟುಕಿಗೆ ಕುಡಿದ.

"ಇಷ್ಟು ಸಾಕೇನೋ ನಿನಗೆ?" ಎಂದೆ ಹೊರಗೆ ಬಂದು.

"ಕುಡೀರಿ ಅಂದನಲ್ಲೋ! ಇನ್ನೇನು ಬೇಕು?" ಎಂದು ನನ್ನನ್ನೇ ಗದರಿದ. ನೇರ ಸಬ್ಹಾಳ ಬಾಗಿಲಿಗೆ ಹೋಗಿ, "ಅಕ್ಕಾ, ಒಲೆ ಹಚ್ಚು, ಮಗ ಬರ್ತಾನೆ" ಎಂದ.

ಅವಳು ಮೊಸರಿನಲ್ಲಿ ಕುರಿಮಾಂಸ ಬೇಯಿಸಿದಳು. ಅದು ಹಳಸಿತು. ರಕಾನ್ ಬರಲಿಲ್ಲ.

ಅಂದಿನಿಂದ ಧೈಫಲ್ಲಾ ದಿನವೂ ಠಾಣೆಯ ಗೇಟಿನ ಮುಂದೆ ನಿಂತ. "ಬಂದ್ರಪ್ಪ ಕಾಫಿ ಮಾವ! ಇವತ್ತು ಸಕ್ಕರೆ ಎಷ್ಟು ಹಾಕ್ಲಿ?" ಎಂದು ಕಾವಲಿನವರು ಕಿಚಾಯಿಸುತ್ತಿದ್ದರು. ಒಳಗೆ ಮಾತ್ರ ಬಿಡಲಿಲ್ಲ. ಆಗಸ್ಟಿನ ಒಂದು ಮಧ್ಯಾಹ್ನ ಅಲ್ಲೇ ಕುಸಿದು ಬಿದ್ದ.

ಶೋಕದ ಮನೆಗೆ ಕರ್ನಲ್ ಬಂದ, ಸಂತಾಪ ಹೇಳಲು! ಯುದ್ಧ ಮುಗಿಯಿತು, ಇನ್ನು ನಾವೆಲ್ಲ ಒಂದೇ ಮನೆಯವರು ಎಂದು ಭಾಷಣ ಶುರುಮಾಡಿದ. ಹೆಂಗಸರು ಕಾಲಿಡದ ಆ ಕೋಣೆಗೆ ಸಬ್ಹಾ ನುಗ್ಗಿ ಬಂದಳು.

"ಇಷ್ಟು ದಿನ ಧೈಫಲ್ಲಾನನ್ನ ಕೇಳ್ತಿದ್ದೆ, ಅವನು ಸತ್ತ. ಈಗ ನಿನ್ನ ಕೇಳ್ತೀನಿ. ನನ್ನ ಮಗ ಎಲ್ಲೋ?"

"ವಿಚಾರಿಸ್ತೀನಮ್ಮ" ಎಂದು ಅವನು ಎದ್ದ. ನಾವು ಗಂಡಸರು ಹೋಗಿ ಬಾಗಿಲಿಗೆ ಅಡ್ಡ ನಿಂತೆವು. ಶರಣಾದ ಊರು, ಕೈಗಳು ಬರಿದು. ಹೊರಗೆ ಅವನ ಸೈನಿಕರು ಬಂದೂಕು ಸರಿಮಾಡಿಕೊಂಡ ಸದ್ದು ಕೇಳಿಸಿತು. ಯಾರೂ ಸರಿಯಲಿಲ್ಲ.

"ಹಿಡಿದ ದಿನವೇ ತೀರಿಹೋದ" ಎಂದ ಕರ್ನಲ್, ನೆಲ ನೋಡುತ್ತ.

ಅಂದರೆ ಕುಡಿಯಲು ಹೇಳಿದಾಗಲೇ ಅವನಿಗೆ ಗೊತ್ತಿತ್ತು.

ಸಬ್ಹಾ ಅಳಲಿಲ್ಲ. "ಹೆಣ ಕೊಡು" ಎಂದಳು. ಇನ್ನೂ ಕೊಟ್ಟಿಲ್ಲ. ಈಗ ಆ ಗೇಟಿಗೆ ಊರೇ ಹೋಗುತ್ತದೆ.