ದೀಪ ಇಳಿಸುವ ಮುನ್ನ

ಉತ್ತರ ಕನ್ನಡದ ಘಟ್ಟದ ಮೇಲಿನ ತಾಲೂಕುಗಳಲ್ಲಿ ಆರೋಗ್ಯ ನಿರೀಕ್ಷಕರೆಂದರೆ ಸಿಡುಬಿನ ಲಸಿಕೆ ಹಾಕುವವರು, ಸಂತೆಯ ಕೊಳೆತ ಮೀನು ಎಸೆಯಿಸುವವರು ಎಂದಷ್ಟೇ ಜನ ತಿಳಿದಿದ್ದರು. ಬಾವಿಯ ನೀರನ್ನು ವರ್ಷಗಟ್ಟಲೆ ಕಾದು ನೋಡುವುದೂ ಆ ಹುದ್ದೆಯ ಕೆಲಸವೆಂದು ತೋರಿಸಿಕೊಟ್ಟವರು ಶ್ರೀ ಶಿವಪುತ್ರಪ್ಪನವರು. ಬನವಾಸಿ ಕಡೆಯವರಾದ ಅವರು ಮುಂಬಯಿ ಸರಕಾರದ ನೌಕರರಾಗಿ ಶಿರಸಿ, ಸಿದ್ದಾಪುರಗಳಲ್ಲಿ ದುಡಿದು, ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿ ಯಲ್ಲಾಪುರಕ್ಕೆ ಬಂದರು.

ಬಂದ ಮರುವರ್ಷ ಮಂಚಿಕೇರಿಯಲ್ಲಿ ಬಾವಿಯ ಹೂಳು ತೆಗೆಯಲು ಇಳಿದವನೊಬ್ಬ ಕೆಟ್ಟ ಗಾಳಿಗೆ ಉಸಿರುಕಟ್ಟಿ ಸತ್ತ. ಅಂದಿನಿಂದ ಶಿವಪುತ್ರಪ್ಪನವರು ಒಂದು ಕಟ್ಟುನಿಟ್ಟಿನ ನಿಯಮ ಮಾಡಿದರು: ಮೊದಲು ಉರಿಯುವ ದೀಪವನ್ನು ಹಗ್ಗದಲ್ಲಿ ಬಾವಿಗೆ ಇಳಿಸಬೇಕು, ದೀಪ ಆರಿದರೆ ಯಾರೂ ಇಳಿಯಕೂಡದು. ಹಳೆಯ ಪದ್ಧತಿಯೇ ಅದು, ಜನ ಮರೆತಿದ್ದರು. ಅವರು ಮನೆಮನೆಗೆ ಹೋಗಿ ನೆನಪಿಸಿದರು.

1961ರ ಏಪ್ರಿಲ್‌ನಲ್ಲಿ, ಯಲ್ಲಾಪುರ ಪೇಟೆಯ ಕೆಳಬೀದಿಯಲ್ಲಿ, ಅದೇ ನಿಯಮ ಒಂದು ಜೀವ ತೆಗೆಯುವುದರಲ್ಲಿತ್ತು.

ಕಿರಾಣಿ ವ್ಯಾಪಾರಿಗಳ ಮನೆಯ ಪಾರ್ವತವ್ವನವರ ಬಾವಿಗೆ ಇಳಿಯಲು ಹೂಳು ತೆಗೆಯುವ ಬೀರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದ. ಅವನ ಹೆಂಡತಿ ನಾಗಿ ಗಡಗಡೆಯ ಬಳಿ ನಿಂತಿದ್ದಳು. ಆ ದಾರಿಯಲ್ಲಿ ಬಂದ ಶಿವಪುತ್ರಪ್ಪನವರು ಕಟ್ಟೆಯ ಹತ್ತಿರ ತಟ್ಟನೆ ನಿಂತು ಗಾಳಿ ಮೂಸಿದರು. ಬೀರ ಚಿಮಣಿ ದೀಪವನ್ನು ಆಗಲೇ ಅರ್ಧ ಬಾವಿಯವರೆಗೆ ಬಿಟ್ಟಿದ್ದ.

“ಬೀರಾ, ಕೈ ಅಲ್ಲೇ ತಡಿ. ಇನ್ನೊಂದು ಮೊಳಾನೂ ಬಿಡಬ್ಯಾಡ. ಮೆಲ್ಲಕ ಮ್ಯಾಲೆ ಎಳಿ.”

“ದೀಪ ಬಿಡ್ದೆ ನಾ ಇಳಿಯುದಿಲ್ಲ ಒಡೆಯಾ,” ಎಂದ ಬೀರ. “ನೀವೇ ಹೇಳಿದ್ದಲ್ಲ?”

“ಎಳಿ ಅಂದೆ!”

ದೀಪ ಮೇಲೆ ಬರುವವರೆಗೆ ಅವರ ಕಣ್ಣು ಅದರ ಕುಡಿಯ ಮೇಲೆಯೇ ಇತ್ತು. ಮೇಲೆ ಬಂದೊಡನೆ ಊದಿ ಆರಿಸಿದರು.

“ಅದೆಂತ ವಾಸ್ನೆಗೆ ಹೆದರ್ತ್ರಿ? ಲಾರಿ ವಾಸ್ನೆ ಅದು,” ಎಂದಳು ನಾಗಿ. ನಾಟಾ ಮರ ಸಾಗಿಸುವ ಲಾರಿಗಳು ದಿನವಿಡೀ ನಿಲ್ಲುವ ಬೀದಿಯಲ್ಲಿ ಆ ವಾಸನೆಯನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಪಾರ್ವತವ್ವನವರಂತೂ ಕೆರಳಿದರು: “ದೀಪಾ ಬಿಡ್ರಿ ಅಂದವ್ರೂ ನೀವ, ಬ್ಯಾಡ ಅನ್ನಾವ್ರೂ ನೀವ. ಯಾವ ಮಾತು ಹಿಡೀಬೇಕ್ರಿ ನಾವು?”

ಶಿವಪುತ್ರಪ್ಪನವರು ವಾದಿಸಲಿಲ್ಲ. ಒಂದು ಕೊಡ ನೀರು ಸೇದಿಸಿ, ಬಯಲಿಗೆ ಒಯ್ದು, ಅಗಲ ಬೋಗುಣಿಗೆ ಸುರಿದು, ಉದ್ದ ಗಳದ ತುದಿಯ ಬೆಂಕಿಯನ್ನು ಹತ್ತಿರ ತಂದರು. ನೀರಿನ ಮೇಲೆ ಬೆಂಕಿ ಭಗ್ಗೆಂದು ಹಬ್ಬಿತು. ನಾಗಿ ಗಂಡನ ಸೊಂಟದ ಹಗ್ಗವನ್ನು ತಾನೇ ಬಿಚ್ಚಿದಳು.

ಬಾವಿಯ ಮೇಲ್ಬದಿಗೆ ಅನಂತಮೂರ್ತಿಯವರ ಪೆಟ್ರೋಲ್ ಪಂಪು. ಅದರ ಎಣ್ಣೆಯ ಟಾಕಿ ನೆಲದೊಳಗೆ. “ನನ್ನ ಟಾಕಿಗೆ ಎಂತ ಆಗಿದೆ ಮಾರಾಯ್ರೆ? ಲಾರಿಯವರು ಬಾವಿಕಟ್ಟೇಲಿ ಕೈ ತೊಳಿತಾರೆ, ಅದು,” ಎಂದರು ಅವರು. ಶಿವಪುತ್ರಪ್ಪನವರು ದೂರು ಬರೆಯುವ ಮೊದಲು ಅಳೆದರು. ಸಂಜೆ ವ್ಯಾಪಾರ ಮುಗಿದ ಮೇಲೆ ಟಾಕಿಗೆ ಅಳತೆಕೋಲು ಇಳಿಸಿ, ಮುಚ್ಚಳಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಅನಂತಮೂರ್ತಿಯವರಿಗೇ ಕೊಟ್ಟರು. ಬೆಳಿಗ್ಗೆ ಇಬ್ಬರೂ ನೋಡುವಾಗ ಕೋಲಿನ ಒದ್ದೆ ಎರಡು ಬೆರಳು ಕೆಳಗಿಳಿದಿತ್ತು.

“ಬೀಗದೊಳಗಿನ ಎಣ್ಣಿ ಎಲ್ಲಿ ಹೋತ್ರಿ?”

ಅನಂತಮೂರ್ತಿಯವರು ಕೋಲನ್ನು ಮತ್ತೊಮ್ಮೆ ಇಳಿಸಿ ನೋಡಿದರು. ಆ ವಾರವೇ ಟಾಕಿ ಅಗೆಸಿದರು. ತಳ ತುಕ್ಕು ಹಿಡಿದು ಜರಡಿಯಾಗಿತ್ತು.

ಕೆಳಬೀದಿಯ ಬಾವಿಗಳಿಗೆ ಹಲಗೆ ಬಡಿದು ಬೀಗ ಹಾಕಲಾಯಿತು. ಶಿವಪುತ್ರಪ್ಪನವರ ಪತ್ನಿ ಗಿರಿಜವ್ವನವರು ಊರ ಇನ್ನೊಂದು ಬದಿಯಲ್ಲಿದ್ದ ತಮ್ಮ ಮನೆಯ ಬಾವಿಯನ್ನು ಇಡೀ ಬೀದಿಗೆ ಬಿಟ್ಟುಕೊಟ್ಟರು. ತಮ್ಮ ಸ್ನಾನದ ನೀರಿಗೆ ಅವರೇ ಸರದಿ ಕಾದದ್ದನ್ನು ಕಂಡವರು ಇಂದೂ ಇದ್ದಾರೆ.

ಕಠಿಣ ಕಾಲ ಬಂದದ್ದು ಮಳೆಗಾಲದಲ್ಲಿ. ಬಾವಿಗಳು ತುಂಬಿದವು, ವಾಸನೆ ಹೋಯಿತು. ಪಂಚಾಯಿತಿ ಸದಸ್ಯ ಜಟ್ಟಪ್ಪ ಜನರನ್ನು ಕಟ್ಟಿಕೊಂಡು ಬಂದು, “ಮಳೆ ಎಲ್ಲ ತೊಳ್ದದೆ. ಇನ್ನೂ ಎಂತಕ್ಕೆ ಬೀಗ? ಬಾವಿ ನಿಮ್ಮಪ್ಪ ತೋಡ್ಸಿದ್ದೋ?” ಎಂದು ಕೇಳಿದ. “ನೀರು ತಳ ಕಾಣಲಿ, ಆಮ್ಯಾಲೆ ನೋಡೂಣು,” ಎಂಬುದೇ ಶಿವಪುತ್ರಪ್ಪನವರ ಉತ್ತರ. ಅವರನ್ನು ವರ್ಗ ಮಾಡಬೇಕೆಂದು ಕಾರವಾರಕ್ಕೆ ಅರ್ಜಿ ಹೋಯಿತು. ವಿಚಾರಣೆಗೆ ಕರೆದಾಗಲೂ ಅವರು ಬೀಗ ತೆಗೆಯಲು ಒಪ್ಪಲಿಲ್ಲ. ಮಣ್ಣು ಹೀರಿಕೊಂಡ ಎಣ್ಣೆ ಎಲ್ಲಿಗೂ ಹೋಗಿಲ್ಲ, ನೀರು ಇಳಿದಾಗ ಮತ್ತೆ ಒಸರುತ್ತದೆ ಎಂಬುದು ಅವರ ಎಣಿಕೆ; ಅದು ತಪ್ಪಿದ್ದರೆ ನೌಕರಿಗೇ ಕುತ್ತು ಬರುತ್ತಿತ್ತು. ಮುಂದಿನ ಏಪ್ರಿಲ್‌ನಲ್ಲಿ ಎಲ್ಲರೆದುರು ಪಾರ್ವತವ್ವನವರ ಬಾವಿಯಿಂದ ಕೊಡ ಮೇಲೆ ಬಂತು. ಜಟ್ಟಪ್ಪ ಬಗ್ಗಿ ಮೂಸಿದ, ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಅರ್ಜಿ ಅಲ್ಲಿಗೇ ನಿಂತಿತು. ಎರಡು ಬೇಸಿಗೆ ಒಂದರ ಹಿಂದೊಂದು ವಾಸನೆಯಿಲ್ಲದೆ ಕಳೆದ ಮೇಲೆ, 1965ರಲ್ಲಿ, ಶಿವಪುತ್ರಪ್ಪನವರು ಬೀಗ ತೆಗೆದರು. ಮೊದಲ ಲೋಟ ನೀರನ್ನು ತಾವೇ ಕುಡಿದರು.

ಆಮೇಲೆ ವರ್ಷಗಳು ಕಳೆದು, ಈ ಏಪ್ರಿಲ್ ಕೊನೆಗೆ ಅವರು ನಿವೃತ್ತರಾದರು. ಮರುದಿನ ಬೆಳಿಗ್ಗೆ ಬೀರ ಮನೆಬಾಗಿಲಿಗೆ ಬಂದು ನಿಂತಿದ್ದ. ಪಾರ್ವತವ್ವನವರ ಬಾವಿಯ ಹೂಳು ತೆಗೆಯಬೇಕಿತ್ತು.

“ನಿನ್ನೆಗೆ ನನ್ನ ನೌಕರಿ ಮುಗೀತಲ್ಲೋ ಬೀರಾ.”

“ನೌಕರಿ ಮುಗಿದ್ರೆ ಮುಗೀಲಿ ಒಡೆಯಾ. ಮೂಗು ಮುಗ್ದಿಲ್ಲಲ್ಲ?”

ಅವರು ಹೋದರು. ಮೊದಲ ಕೊಡವನ್ನು ಎರಡು ಸಲ ಮೂಸಿ ಆಗಬಹುದೆಂದು ತಲೆಯಾಡಿಸಿದರು. ಆಮೇಲೆ ದೀಪ ಇಳಿಯಿತು. ತಳದವರೆಗೂ ನೆಟ್ಟಗೆ ಉರಿಯಿತು. ಬೀರ ಇಳಿದ. ಅವನ ತಲೆ ಮತ್ತೆ ಕಟ್ಟೆಯ ಮೇಲೆ ಕಾಣುವವರೆಗೆ ಶಿವಪುತ್ರಪ್ಪನವರು ಅಲ್ಲಿಂದ ಕದಲಲಿಲ್ಲ. ಹೀಗೆ ಕಟ್ಟೆಯ ಬಳಿ ನಿಲ್ಲುವ ಬೇಸಿಗೆಗಳು ಅವರಿಗೆ ಇನ್ನೂ ಬಹಳ ಕಾಲ ಒದಗಿ ಬರಲಿ. ಇಳಿದವರೆಲ್ಲ ಅವರ ಕಣ್ಣೆದುರೇ ಮೇಲೆ ಬರಲಿ.